ಮೊದಲೇ ನೋಡಬಾರದು ಎನ್ನುತ್ತಿದ್ದ ಓಬಣ್ಣ

ಬೇಟೆಗೆ ಹೊರಡುವ ಮುಂಚಿನ ಮೂರು ದಿನ ಓಬಣ್ಣ ಯಾವ ಪ್ರಾಣಿಯ ಮುಖವನ್ನೂ ನೋಡುತ್ತಿರಲಿಲ್ಲ. ಟೀವಿಯಲ್ಲಿ ಜಿಂಕೆಯೋ ಹಂದಿಯೋ ಕಾಣಿಸಿದರೆ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಸನ್ನಿಬ್ಯಾಂಕ್ ಬಡಾವಣೆಯ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಒಂದಿತ್ತು. ಅದರಲ್ಲಿ ಕೃಷ್ಣ, ಕೃಷ್ಣನ ಕಾಲ ಬಳಿ ಎರಡು ಜಿಂಕೆ. ಒಂದು ಶುಕ್ರವಾರ ಸಂಜೆ ಕಾಫಿಗೆ ಬಂದವರು ಲೋಟ ಹಿಡಿಯುವ ಮೊದಲೇ ಹೋಗಿ ಆ ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿ ತಿರುಗಿಸಿ ಬಂದು ಕೂತರು. ದೇವರ ಪಟವನ್ನು ಯಾರಾದರೂ ಹೀಗೆ ತಿರುಗಿಸುತ್ತಾರೆಯೇ ಎಂದು ನನಗೆ ಗಾಬರಿಯಾಯಿತು.

“ದೇವ್ರು ಬೇಜಾರ್ ಮಾಡ್ಕಣಲ್ಲ ಬಿಡು ತಂಗಿ,” ಎಂದರು. “ನಾಳೆ ಕಾಡಿಗೆ ಹೋಗ್ತಾ ಇದೀನಿ. ಮೊದ್ಲೇ ನೋಡಬಾರ್ದು.”

ಓಬಣ್ಣ ಹಿರಿಯೂರು ಸೀಮೆಯವರು. ಲಾರಿ ಮೆಕ್ಯಾನಿಕ್. ದುಬೈಯಲ್ಲಿ ಒಂಬತ್ತು ವರ್ಷ ದುಡಿದು, ಕುಶಲಕರ್ಮಿಗಳ ವೀಸಾ ಮೇಲೆ ಹೆಂಡತಿಯೊಡನೆ ಬ್ರಿಸ್ಬೇನಿಗೆ ಬಂದು, ದೊಡ್ಡ ಟ್ರಕ್ಕುಗಳ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕೆ ಸೇರಿದ್ದರು. ಎರಡು ಸಾವಿರದ ಹದಿನೈದರಲ್ಲಿ ನಾವು ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಮನೆ ಮಾಡಿದಾಗ ನಮ್ಮ ಎದುರು ಮನೆ ಅವರದು. ಅಲ್ಲಿದ್ದ ಕನ್ನಡದವರಲ್ಲಿ ನಾವೆಲ್ಲ ಕಂಪ್ಯೂಟರ್ ಮುಂದೆ ಕೂರುವ ಜನ. ಉಗುರಿನ ಸಂದಿಯಲ್ಲಿ ಗ್ರೀಸ್ ಇದ್ದವರು ಅವರೊಬ್ಬರೇ. ಕಾರು ಗುರುಗುಟ್ಟಿದರೆ ಎಲ್ಲರೂ ಅವರ ಮನೆಗೇ ಓಡುತ್ತಿದ್ದೆವು, ಯುಗಾದಿ ಊಟದಲ್ಲಿ ಮಾತ್ರ ‘ಅವರ ಮನೇಲಿ ಗನ್ ಇದೆಯಂತೆ ಕಣ್ರೀ’ ಎಂದು ಪಿಸುಗುಡುತ್ತಿದ್ದೆವು. ನಾನೂ ಪಿಸುಗುಟ್ಟಿದವಳೇ. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ನನಗೆ ಬಂದೂಕು ಎಂದರೆ ದಸರಾ ಮೆರವಣಿಗೆಯಲ್ಲಿ ಪೊಲೀಸರ ಹೆಗಲ ಮೇಲೆ ಇರುವ ವಸ್ತು, ಅಷ್ಟೇ.

ಈ ‘ಮೊದಲೇ ನೋಡಬಾರದು’ ಎನ್ನುವುದು ಅವರ ಊರಿನ ಕಟ್ಟು. ಸಂಕ್ರಾಂತಿಯ ಹೊತ್ತಿಗೆ ಅವರ ಊರಿನವರೆಲ್ಲ ಬಲೆ ಹಿಡಿದು ಕುರುಚಲು ಕಾಡಿಗೆ ಹೋಗಿ ಒಂದು ಮೊಲ ಹಿಡಿಯುತ್ತಾರಂತೆ. ಹಿಡಿದು ಕೊಲ್ಲುವುದಿಲ್ಲ, ಮೈ ತೊಳೆದು, ಕಿವಿಗೆ ಓಲೆ ಚುಚ್ಚಿ, ಪೂಜೆ ಮಾಡಿ, ಮತ್ತೆ ಕಾಡಿಗೇ ಬಿಡುತ್ತಾರಂತೆ. ಆ ಬೇಟೆಗೆ ಒಂದೇ ನಿಯಮ. ಹಿಂದಿನ ದಿನಗಳಲ್ಲಿ ಮೊಲ ಎಲ್ಲಿ ಮಲಗುತ್ತದೆ, ಯಾವ ಪೊದೆಯಿಂದ ಏಳುತ್ತದೆ ಎಂದು ಕದ್ದು ನೋಡಿ ಬಂದವನು ಬಲೆ ಮುಟ್ಟುವ ಹಾಗಿಲ್ಲ. ಹಾಗೆ ನೋಡಿ ಬಂದು ಸುಮ್ಮನಿದ್ದ ತಮ್ಮ ಚಿಕ್ಕಪ್ಪನನ್ನು ಊರವರು ಪಂಕ್ತಿಯಿಂದ ಎಬ್ಬಿಸಿದ್ದನ್ನು ಓಬಣ್ಣ ಈಗಲೂ ಅವಮಾನದಿಂದಲೇ ಹೇಳುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ಅವರು ಹೊಡೆಯುತ್ತಿದ್ದುದು ಕಾಡುಹಂದಿ ಮತ್ತು ಜಿಂಕೆ, ಪೂಜೆ ಮಾಡಿ ಬಿಡುತ್ತಲೂ ಇರಲಿಲ್ಲ. ಆದರೂ ಆ ಒಂದು ನಿಯಮವನ್ನು ಮಾತ್ರ ಹೆಂಡತಿಯ ತಾಳಿಯಷ್ಟು ಜೋಪಾನವಾಗಿ ತಂದಿದ್ದರು.

ಇನ್ನೊಂದನ್ನೂ ತಂದಿದ್ದರು, ಪಾಲು ಹಂಚುವುದು. ನಾವು ಬಂದ ಹೊಸತರಲ್ಲಿ ಒಂದು ಭಾನುವಾರ ಬಾಗಿಲು ತೆಗೆದರೆ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಾರೆ. ಮುಚ್ಚಳ ತೆಗೆದೆ. ಒಳಗೆ ಕೆಂಪಗೆ ಹಸಿ ಮಾಂಸ! ನಾನು ಕಿರುಚಿದ ಕಿರುಚಿಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು. ಅವರು ಡಬ್ಬಿ ಮುಚ್ಚಿಕೊಂಡು ಹೋದರು. ಮುಗಿಯಿತು, ಇನ್ನು ಈ ಮನುಷ್ಯ ನಮ್ಮ ಕಡೆ ತಿರುಗಿ ನೋಡುವುದಿಲ್ಲ ಎಂದುಕೊಂಡೆ. ಮುಂದಿನ ಸಲ ಬೇಟೆಯಿಂದ ಬಂದಾಗ ಬಾಗಿಲಲ್ಲಿ ಒಂದು ಚೀಲ ನಿಂಬೆಹಣ್ಣು ಇತ್ತು. ದಾರಿಯಲ್ಲಿ ತೋಟದವರು ಮಾರುವ ಕಡೆ ಗಾಡಿ ನಿಲ್ಲಿಸಿ ಕೊಂಡದ್ದು. “ನಿಮ್ ಪಾಲು ತಪ್ಪಂಗಿಲ್ಲ ಕಣವ್ವ,” ಎಂದರು. ಅಲ್ಲಿಂದ ಮುಂದೆ ಅವರಿಗೆ ಹಂದಿ ಬಿದ್ದಾಗಲೆಲ್ಲ ನಮ್ಮ ಮನೆಯಲ್ಲಿ ಚಿತ್ರಾನ್ನ.

ಕ್ವೀನ್ಸ್‌ಲ್ಯಾಂಡಿನ ಸರ್ಕಾರಿ ಕಾಡಿನಲ್ಲಿ ಅವರಿಗೆ ಬೇಟೆಯ ಅವಕಾಶವಿರಲಿಲ್ಲ. ಗಡಿ ದಾಟಿ, ಮೂರು ಗಂಟೆ ಗಾಡಿ ಓಡಿಸಿ, ನ್ಯೂ ಸೌತ್ ವೇಲ್ಸ್‌ನ ಕಾಡೊಂದಕ್ಕೆ ಪರವಾನಗಿ ಪಡೆದು ಹೋಗುತ್ತಿದ್ದರು. ಪ್ರತಿಸಲವೂ ಆನ್‌ಲೈನಿನಲ್ಲಿ ಅರ್ಜಿ ತುಂಬಬೇಕಿತ್ತು. ಅವರ ಇಂಗ್ಲಿಷ್ ಮಾತಿಗೆ ಸಾಕಾಗುತ್ತಿತ್ತು, ಅರ್ಜಿಗೆ ಸಾಲುತ್ತಿರಲಿಲ್ಲ. ಹೀಗಾಗಿ ಇರುವೆ ತುಳಿಯದ ಮನೆತನದ ನಾನು ತಿಂಗಳಿಗೊಮ್ಮೆ ಕೂತು ಬೇಟೆಯ ಅರ್ಜಿ ತುಂಬುವವಳಾದೆ. ನಮ್ಮಮ್ಮನಿಗೆ ಇದನ್ನು ಇವತ್ತಿಗೂ ಹೇಳಿಲ್ಲ.

ಅವರನ್ನು ಆ ಕಾಡಿಗೆ ಮೊದಲು ಕರೆದುಕೊಂಡು ಹೋದವನು ಕೀತ್, ಅವರ ಪಕ್ಕದ ಮನೆಯ ಮುದುಕ. ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳು ಮೆಲ್ ಪರ್ತ್‌ನಲ್ಲಿ ಕೆಲಸದಲ್ಲಿದ್ದಳು. ಎಪ್ಪತ್ತೆರಡು ವರ್ಷದ ಕೀತ್‌ಗೂ ನಲವತ್ತೆಂಟರ ಓಬಣ್ಣನಿಗೂ ಹೇಗೆ ಸ್ನೇಹವಾಯಿತೋ, ಅರ್ಧ ಮಾತು ಒಬ್ಬರದೊಬ್ಬರಿಗೆ ತಿಳಿಯುತ್ತಿರಲಿಲ್ಲ. ಕೀತ್ ಅವರನ್ನು ‘ಓಬಿ’ ಎನ್ನುತ್ತಿದ್ದ. ಶನಿವಾರದ ‘ಆರ್ವೋ’ಗಳಲ್ಲಿ, ಅಂದರೆ ಮಧ್ಯಾಹ್ನಗಳಲ್ಲಿ, ಕೀತ್‌ನ ಹಿತ್ತಲಲ್ಲಿ ಮಾಂಸ ಸುಡುವ ಬಾರ್ಬಿ ಒಲೆ ಹೊಗೆಯಾಡುತ್ತಿತ್ತು, ನಾವೂ ನಮ್ಮ ಜೋಳದ ತೆನೆ ಹಿಡಿದು ಹೋಗಿ ಒಂದು ಮೂಲೆಯಲ್ಲಿ ಸುಟ್ಟುಕೊಳ್ಳುತ್ತಿದ್ದೆವು.

ಇವರಿಬ್ಬರ ಮಧ್ಯೆ ಇದ್ದದ್ದು ಒಂದೇ ಜಗಳ. ಕೀತ್ ಆ ಕಾಡಿನ ಒಂದು ನೀರಿನ ಹಳ್ಳದ ಮೇಲಿನ ದಿಬ್ಬದಲ್ಲಿ ಮರಕ್ಕೆ ಕ್ಯಾಮೆರಾ ಕಟ್ಟಿದ್ದ. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಮುಂದೆ ಯಾವುದಾದರೂ ಜೀವ ಅಲುಗಿದರೆ ತಾನೇ ಚಿತ್ರ ತೆಗೆಯುತ್ತದೆ. ಏನೂ ಅಲುಗದಿದ್ದರೂ ಬೆಳಿಗ್ಗೆ ಒಂದು ಚಿತ್ರ. ಒಳಗಿದ್ದ ಸಿಮ್‌ನಿಂದ ಅದು ನೇರ ಫೋನಿಗೆ ಬರುತ್ತದೆ. ಓಬಣ್ಣನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ.

“ಸ್ವಂತ ಹೊಲದಾಗೆ ಏನಾರ ಕಟ್ಕಳ್ಳಲಿ ತಂಗಿ. ಅದು ಸರ್ಕಾರಿ ಕಾಡು, ಎಲ್ರುದೂ. ನೀರಿಗೆ ಬರೋ ಜೀವ ಎಷ್ಟೊತ್ತಿಗೆ ಬರ್ತೈತೆ ಅಂತ ಮನ್ಯಾಗೆ ಕುಂತು ಫೋನ್ನಾಗೆ ನೋಡ್ಕಂಡು, ಆ ಟೈಮಿಗೆ ಹೋಗಿ ಹೊಡುದ್ರೆ ಅದೊಂದು ಬ್ಯಾಟೇನಾ? ಮನ್ಯಾಗೆ ಯಾರೂ ಇಲ್ದಾಗ ನೋಡ್ಕಂಡು ಬಂದು ಬೀಗ ಒಡೀತಾರಲ್ಲ, ಅಂಗೆ.” ಕೀತ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಒಂದೇ ಸಾಲು: “ಯು ಚೀಟಿಂಗ್, ಕೀತ್!”

ಕೀತ್ ನಗುತ್ತಿದ್ದ. ಅವನ ಉತ್ತರವೂ ಪ್ರತಿಸಲ ಒಂದೇ. “ನಿನ್ನ ಮಂಡಿ ಇನ್ನೂ ಚೆನ್ನಾಗಿದೆ ಓಬಿ. ನನ್ನ ವಯಸ್ಸಿಗೆ ಬಾ, ಆಮೇಲೆ ಮಾತಾಡೋಣ ಮೇಟ್.” ಹಂದಿ, ಜಿಂಕೆ ಈ ದೇಶದ ಕಾಡಿಗೆ ಉಪದ್ರವ, ಅವಕ್ಕೆ ಯಾವ ನ್ಯಾಯ ಎಂದೂ ಕೆಲವು ಸಲ ಹೇಳುತ್ತಿದ್ದ. ಆಗ ಓಬಣ್ಣ ಕೊನೆಯ ಬಾಣ ಬಿಡುತ್ತಿದ್ದರು: “ಕ್ಯಾಮೆರಾ ಪುಟ್, ಟೂ ಇಯರ್, ನೋ ಪಿಗ್!” ನಿಜಕ್ಕೂ ಆ ಎರಡು ವರ್ಷದಲ್ಲಿ ಕೀತ್‌ಗೆ ಒಂದು ಹಂದಿಯೂ ಬಿದ್ದಿರಲಿಲ್ಲ. ನಾವೆಲ್ಲ ಗೊಳ್ಳೆಂದು ನಗುತ್ತಿದ್ದೆವು. ಕೀತ್ ನಮಗಿಂತ ಜೋರಾಗಿ ನಗುತ್ತಿದ್ದ.

ಅವರಿಬ್ಬರೂ ಸದಸ್ಯರಾಗಿದ್ದ ಸಣ್ಣದೊಂದು ಬೇಟೆಗಾರರ ಕ್ಲಬ್ ಆ ವರ್ಷ ಒಂದು ಪ್ರಶ್ನೆ ಎತ್ತಿತು. ಸರ್ಕಾರಿ ಕಾಡಿನಲ್ಲಿ ಬೇಟೆಗೆ ಇಂಥ ಕ್ಯಾಮೆರಾ ಬಳಸುವುದನ್ನು ನಿಷೇಧಿಸಿ ಎಂದು ಸರ್ಕಾರಕ್ಕೆ ಬರೆಯಬೇಕೋ ಬೇಡವೋ? ಸದಸ್ಯರು ಅಭಿಪ್ರಾಯ ಬರೆದು ಕಳಿಸಬೇಕು. ಓಬಣ್ಣ ನಮ್ಮ ಊಟದ ಮೇಜಿಗೆ ಬಂದು ಕೂತು ಎರಡು ಭಾನುವಾರ ಹೇಳಿದರು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಮೂರು ಪುಟವಾಯಿತು. ಕದ್ದು ನೋಡಿದ ಚಿಕ್ಕಪ್ಪನನ್ನೂ ಸೇರಿಸಿದೆವು. ಬರೆಯುತ್ತಾ ಬರೆಯುತ್ತಾ ಬೇಟೆಯೇ ಬೇಡ ಎನ್ನುವ ನನಗೂ ಅವರ ಮಾತು ಸರಿ ಎನಿಸಿತು, ಅದು ನನ್ನ ಮಟ್ಟಿಗೆ ದೊಡ್ಡ ಸೋಜಿಗ. ಕಳಿಸಲು ಇನ್ನೂ ಕೆಲವು ವಾರ ಸಮಯವಿತ್ತು.

ಆ ದಿನಗಳಲ್ಲೇ ವರ್ಕ್‌ಶಾಪಿನಲ್ಲಿ ಕೈ ಒರೆಸಲು ಹಳೆ ಬಟ್ಟೆ ಇದೆಯೇ ಎಂದು ಕೇಳಿದರು. ನನ್ನದೊಂದು ಕಾಟನ್ ಸೀರೆ ಕೊಟ್ಟೆ, ಹಳದಿ ಮೈ, ಹಸಿರು ಅಂಚು. ಫಾರೆಸ್ಟ್ ಲೇಕ್ ಬಡಾವಣೆಯಲ್ಲಿ ಕನ್ನಡದವರು ಸೇರಿದ್ದ ನನ್ನ ಮೊದಲ ಯುಗಾದಿಗೆ ಉಟ್ಟದ್ದು. ಸೆರಗು ಹರಿದಿತ್ತು, ಆದರೂ ಕೊಡುವಾಗ ಸ್ವಲ್ಪ ಹೊಟ್ಟೆ ಉರಿಯಿತು.

ಇಲ್ಲಿ ಚಳಿಗಾಲವಾದ ಜುಲೈ ತಿಂಗಳ ಒಂದು ಮಂಗಳವಾರ ಕೀತ್ ಒಬ್ಬನೇ ಕಾಡಿಗೆ ಹೋದ. ಸಂಜೆ ಮಗಳ ಫೋನಿಗೆ ಸಿಗಲಿಲ್ಲ. ಅವಳು ಪರ್ತ್‌ನಿಂದ ಪೊಲೀಸರಿಗೆ ಹೇಳಿದಳು. ಸುದ್ದಿ ತಿಳಿದ ಓಬಣ್ಣ ಬೂಟಿನ ಲೇಸ್ ಕೂಡ ಕಟ್ಟಿಕೊಳ್ಳದೆ ಗಾಡಿ ಹತ್ತಿ ಹೋದರು. ಬುಧವಾರ ಮಧ್ಯಾಹ್ನ ಹುಡುಕುವವರಿಗೆ ಕೀತ್ ಸಿಕ್ಕ. ದಿಬ್ಬದಿಂದ ಇಳಿಯುವಾಗ ಒದ್ದೆ ಬಂಡೆಯ ಮೇಲೆ ಜಾರಿ ಕೊರಕಲಿಗೆ ಬಿದ್ದಿದ್ದ. ಆ ಚಳಿಯಲ್ಲಿ ಅವನ ಜೀವ ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ.

ನನಗೆ ನಂಬಲಾಗಲಿಲ್ಲ. ಹಿಂದಿನ ವಾರವಷ್ಟೇ ನನ್ನ ಜೋಳದ ತೆನೆಗೆ ಬೆಣ್ಣೆ ಹಚ್ಚಿ ಕೊಟ್ಟ ಮನುಷ್ಯ. ಮೆಲ್ ಬಂದಳು. ಶನಿವಾರ ನಾನು ಪುಳಿಯೋಗರೆ ಮಾಡಿಕೊಂಡು ಓಬಣ್ಣನ ಜೊತೆ ಆ ಮನೆಗೆ ಹೋದೆ. ಇನ್ನೇನು ಒಯ್ಯಬೇಕೋ ನನಗೆ ತಿಳಿದಿರಲಿಲ್ಲ. ಅತ್ತು ಕಣ್ಣು ಊದಿಸಿಕೊಂಡಿದ್ದ ಮೆಲ್ ನಮ್ಮನ್ನು ಕೂರಿಸಿದಳು. ಅಪ್ಪನ ಕ್ಯಾಮೆರಾ ತೆಗೆಯುವ ಚಿತ್ರಗಳು ತನ್ನ ಫೋನಿಗೂ ಬರುತ್ತಿದ್ದವು ಎಂದಳು.

“ಮೂರು ವಾರದಿಂದ ಬರೀ ಹಳದಿ ಮಬ್ಬು ಬರ್ತಿತ್ತು. ಲೆನ್ಸ್ ಕೆಟ್ಟಿದೆ, ಹೋಗಿ ನೋಡು ಅಂತ ನಾನೇ ಅಪ್ಪನಿಗೆ ಹೇಳಿದೆ. ನಾನೇ ಕಳಿಸಿದೆ,” ಎಂದಳು. ಆಮೇಲೆ ಫೋನ್ ನಮ್ಮ ಮುಂದೆ ಹಿಡಿದಳು. “ಇದು ಕೊನೇದು. ಆಫೀಸಲ್ಲಿ ಕೂತು ನೋಡಿ ನಕ್ಕುಬಿಟ್ಟೆ. ಏನೋ ಆಟ ಆಡ್ತಿದಾನೆ ಅಂದ್ಕೊಂಡೆ.”

ಚಿತ್ರದ ತುಂಬ ಕೀತ್‌ನ ಮುಖ. ಕ್ಯಾಮೆರಾಕ್ಕೆ ಮೂಗು ತಾಗುವಷ್ಟು ಹತ್ತಿರ ಬಂದು ಬಾಯ್ತುಂಬ ನಗುತ್ತಿದ್ದಾನೆ. ಕೈಯಲ್ಲಿ ಒಂದು ಬಟ್ಟೆಯ ಪಟ್ಟಿ ಎತ್ತಿ ಹಿಡಿದಿದ್ದಾನೆ, ಕಳ್ಳನನ್ನು ಹಿಡಿದವನ ಹಾಗೆ. ಹಳದಿ ಬಟ್ಟೆ. ಹಸಿರು ಅಂಚು.

ನನ್ನ ಸೀರೆ ನನಗೆ ಗುರುತು ಸಿಗದೇ ಇರುತ್ತದೆಯೇ? ಓಬಣ್ಣನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಕುಡಿಯಲು ನೀರು ತರುವ ನೆಪ ಹೇಳಿ ಎದ್ದೆ, ಅವರೂ ನನ್ನ ಹಿಂದೆ ಹಿತ್ತಲಿಗೆ ಬಂದರು.

“ಓಬಣ್ಣ, ಏನ್ ಮಾಡಿಬಿಟ್ರಿ?”

“ತಮಾಷೆಗೆ ಕಟ್ಟಿದೆ ತಂಗಿ,” ಎಂದರು. “ಒಂದ್ ಸಲನಾದ್ರೂ ನೋಡ್ದಂಗೆ ಬ್ಯಾಟೆಗೆ ಬರ್ಲಿ ಅಂತ ಅದ್ರ ಕಣ್ಣಿಗೆ ಬಟ್ಟೆ ಕಟ್ಟಿದೆ. ಕ್ಯಾಮೆರಾ ಕೆಟ್ಟೈತೆ, ಶನಿವಾರ ಜೊತೆಗೆ ಬಾ ಓಬಿ ಅಂದ. ಮಜಾ ತಗಳಾನ ಅಂತ ಓವರ್‌ಟೈಮ್ ಐತೆ ಅಂತ ಸುಳ್ಳು ಹೇಳ್ದೆ. ಮುಂದಿನ್ ವಾರನೂ ಅದೇ ಸುಳ್ಳು ಹೇಳ್ದೆ. ಒಬ್ನೇ ಹೋಗ್ತಾನೆ ಅಂತ ನಂಗೇನ್ ಗೊತ್ತು?”

ಆಗ ನಾನು ಹೇಳಿದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. “ಸುಮ್ನಿದ್ಬಿಡಿ ಓಬಣ್ಣ. ಅದೇನು ಬಟ್ಟೆ ಅಂತ ಅವರಿಗೆ ಗೊತ್ತಿಲ್ಲ. ನಿಮ್ಮ ಸಿಟಿಜನ್‌ಶಿಪ್ ಇನ್ನೇನು ಆಗೋದ್ರಲ್ಲಿದೆ. ಪೊಲೀಸು, ಲೈಸೆನ್ಸು, ಎಲ್ಲ ರಗಳೆ ಆಗುತ್ತೆ. ಹೇಳಿದ್ರೆ ಕೀತ್ ವಾಪಸ್ ಬರ್ತಾರಾ?”

ಅವರು ಕೀತ್‌ನ ಬಾರ್ಬಿಯ ಮೇಲೆ ಕೈ ಇಟ್ಟು ನಿಂತರು. “ಆ ಮಗು ತಾನೇ ಕಳ್ಸಿದೆ ಅಂತೈತಲ್ಲ,” ಎಂದರು. “ಜಲ್ಮೆಲ್ಲ ಅಂಗೇ ಅನ್ಕಂಡಿರ್ತೈತಲ್ಲ.” ಹಾಗೆಂದವರು ಒಳಗೆ ನಡೆದೇಬಿಟ್ಟರು.

ಮೆಲ್‌ಳ ಎದುರು ನಿಂತು ಕನ್ನಡದಲ್ಲೇ ಶುರು ಮಾಡಿದರು. ಬಟ್ಟೆ ಕಟ್ಟಿದ್ದು, ಸುಳ್ಳು ಹೇಳಿದ್ದು, ಒಂದನ್ನೂ ಬಿಡಲಿಲ್ಲ. ಅವಳು ನನ್ನ ಕಡೆ ತಿರುಗಿ, ಏನು ಹೇಳುತ್ತಿದ್ದಾರೆ ಎಂದು ಕೇಳಿದಳು. ನಾನು, “ನಿಮ್ಮ ತಂದೆಯ ವಿಷಯದಲ್ಲಿ ಇವರಿಗೆ ತುಂಬಾ ದುಃಖವಾಗಿದೆಯಂತೆ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟು ಸಲೀಸಾಗಿ ನನ್ನ ಬಾಯಿಂದ ಸುಳ್ಳು ಬಂತು.

“ಅದಲ್ಲ ತಂಗಿ ನಾನ್ ಹೇಳಿದ್ದು,” ಎಂದರು ಓಬಣ್ಣ. ಸಿಟ್ಟಿರಲಿಲ್ಲ. ಆಮೇಲೆ ಅವಳ ಫೋನಿನಲ್ಲಿದ್ದ ಆ ಹಳದಿ ಪಟ್ಟಿಯ ಮೇಲೆ ಬೆರಳಿಟ್ಟು, ತಮಗೆ ಬಂದ ಇಂಗ್ಲಿಷಿನಲ್ಲಿ ತಾವೇ ಹೇಳಿದರು. “ದಿಸ್ ಕ್ಲಾತ್, ಐ ಟೈ. ಕೀತ್ ಆಸ್ಕ್ ಮಿ, ಕಮ್. ಐ ಟೆಲ್ ಲೈ. ನಾಟ್ ಯು ಸೆಂಡ್. ಐ ಸೆಂಡ್.”

ಮೆಲ್‌ಳ ಮುಖದಲ್ಲಿ ಮೊದಲು ಕಂಡದ್ದು ಕೋಪವಲ್ಲ. ನಾಲ್ಕು ದಿನದಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟವಳ ಹಾಗೆ ಕುರ್ಚಿಗೆ ಒರಗಿದಳು. ಮರುಕ್ಷಣವೇ ಅವಳ ಮುಖ ಬಿಗಿಯಿತು.

“ಯಾಕೆ?” ಎಂದಳು.

ಈ ಸಲ ನಾನು ಸರಿಯಾಗಿ ಹೇಳಿದೆ. ಊರಿನ ಬೇಟೆ, ನಿಯಮ, ಮೊದಲೇ ನೋಡಿದವನು ಬಲೆ ಮುಟ್ಟಬಾರದು ಎನ್ನುವುದು, ಸರ್ಕಾರಿ ಕಾಡು ಎಲ್ಲರದು ಎನ್ನುವುದು. ಹೇಳುತ್ತಿರುವಾಗಲೇ ಆ ಕೋಣೆಯಲ್ಲಿ ಅದೆಲ್ಲ ಎಷ್ಟು ಅಸಂಬದ್ಧವಾಗಿ ಕೇಳಿಸುತ್ತಿದೆ ಎಂದು ನನಗೇ ಅನಿಸಿತು. ಮೆಲ್ ಕೊನೆಯವರೆಗೂ ಕೇಳಿಸಿಕೊಂಡಳು.

“ಅದು ಬೇಟೆಗಲ್ಲ,” ಎಂದಳು. “ಅಪ್ಪನ ಕೈ ನಡುಗೋಕೆ ಶುರುವಾಗಿ ಎರಡು ವರ್ಷ ಆಯ್ತು. ಆವಾಗಿಂದ ಒಂದು ಗುಂಡೂ ಹಾರಿಸಿಲ್ಲ. ಇವರಿಗೆ ಹೇಳೋಕೆ ನಾಚಿಕೆ ಅವನಿಗೆ. ಗೊತ್ತಾದ್ರೆ ಇವರು ಜೊತೆಗೆ ಕರ್ಕೊಂಡು ಹೋಗಲ್ಲ ಅಂತ ಭಯ. ಆ ಮಂಡಿ ಇಟ್ಕೊಂಡು ದಿಬ್ಬ ಹತ್ತಬೇಡ, ಕುರ್ಚಿಯಲ್ಲೇ ಕೂತು ಕಾಡು ನೋಡು ಅಂತ ಫಾದರ್ಸ್ ಡೇಗೆ ನಾನೇ ಆ ಕ್ಯಾಮೆರಾ ಕೊಡಿಸಿದ್ದು.”

ನಾನು ಇದನ್ನು ಕನ್ನಡಕ್ಕೆ ತರಬೇಕಾಗಲಿಲ್ಲ. ಓಬಣ್ಣನಿಗೆ ಪ್ರತಿಯೊಂದು ಮಾತೂ ಅರ್ಥವಾಗಿತ್ತು. ಅಷ್ಟು ದೊಡ್ಡ ಆಳು ಒಮ್ಮೆಲೇ ಮುದುಕನಾದದ್ದನ್ನು ನಾನು ಕಣ್ಣಾರೆ ಕಂಡೆ. ಮೆಲ್ ಎದ್ದು ಬಾಗಿಲು ತೆಗೆದು ಹಿಡಿದಳು. “ಈಗ ನೀವು ಹೋಗಿ,” ಎಂದಳು. ಕೂಗಲಿಲ್ಲ. ಕೂಗಿದ್ದರೆ ನಮಗೆ ಸ್ವಲ್ಪ ಸುಲಭವಾಗುತ್ತಿತ್ತೇನೋ.

ಸೋಮವಾರ ಓಬಣ್ಣ ತಾವೇ ಪೊಲೀಸ್ ಠಾಣೆಗೆ ಹೋಗಿ ಎಲ್ಲ ಹೇಳಿದರು. ಅಲ್ಲಿ ಬರೆದುಕೊಂಡರು, ಮತ್ತೆರಡು ಸಲ ಕರೆಸಿದರು, ಕೊನೆಗೆ ಅದನ್ನು ಅಪಘಾತವೆಂದೇ ಮುಗಿಸಿದರು. ಬಂದೂಕು, ಲೈಸೆನ್ಸ್ ಎರಡನ್ನೂ ಅವರು ಯಾರೂ ಕೇಳದೆಯೇ ಒಪ್ಪಿಸಿ ಬಂದರು. ಸಿಟಿಜನ್‌ಶಿಪ್ ಏನಾಯಿತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಮೆಲ್ ಮನೆಯನ್ನು ಮಾರಾಟಕ್ಕಿಟ್ಟು ಪರ್ತ್‌ಗೆ ಮರಳಿದಳು. ಪಕ್ಕದ ಹಿತ್ತಲಿನ ಖಾಲಿ ಕುರ್ಚಿ ಓಬಣ್ಣನ ಅಡುಗೆಮನೆಯ ಕಿಟಕಿಗೆ ನೇರ ಕಾಣುತ್ತಿತ್ತು. ಅವರ ಹೆಂಡತಿ ಅಲ್ಲಿಗೆ ಪರದೆ ಹಾಕಿದರು. ಆಗಸ್ಟ್ ಮುಗಿಯುವಷ್ಟರಲ್ಲಿ ಅಡಿಲೇಡಿನ ವರ್ಕ್‌ಶಾಪೊಂದರಲ್ಲಿ ಕೆಲಸ ಹುಡುಕಿಕೊಂಡು ಹೊರಟೇಬಿಟ್ಟರು.

ಹೊರಟ ಬೆಳಿಗ್ಗೆ ದಾರಿಗೆಂದು ಚಪಾತಿ ಕಟ್ಟಿಕೊಂಡು ನಾನು ಸರ್ವೋ, ಅಂದರೆ ಪೆಟ್ರೋಲ್ ಬಂಕಿನ ಹತ್ತಿರ ಹೋದೆ. ಗಾಡಿಯ ಹಿಂದೆ ಸಾಮಾನು ತುಂಬಿದ ಟ್ರೇಲರ್ ಕಟ್ಟಿ ಡೀಸೆಲ್ ಹಾಕಿಸುತ್ತಿದ್ದರು. ಹೆಂಡತಿ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಆ ಮೂರು ಪುಟದ ಪತ್ರ ನನ್ನ ಹತ್ತಿರವೇ ಇತ್ತು. ಕ್ಲಬ್ಬಿಗೆ ಕಳಿಸಲು ಆ ಶುಕ್ರವಾರ ಕೊನೆಯ ದಿನ. ಕೇಳಬೇಕೋ ಬೇಡವೋ ಎಂದು ತಡವರಿಸಿ ಕೊನೆಗೆ ಕೇಳಿದೆ.

“ಓಬಣ್ಣ, ಅದನ್ನ ಏನ್ ಮಾಡ್ಲಿ? ಕಳಿಸ್ಲಾ?”

ಪೈಪನ್ನು ಅದರ ಜಾಗಕ್ಕೆ ಸಿಗಿಸಿ, ಟ್ಯಾಂಕಿನ ಮುಚ್ಚಳ ತಿರುಗಿಸುತ್ತಾ ಹೇಳಿದರು.

“ಅದ್ರಾಗೆ ಬರ್ದಿರೋದು ಸುಳ್ಳಲ್ಲ ತಂಗಿ. ಬ್ಯಾಟೆಗೆ ಕ್ಯಾಮೆರಾ ಇಡೋದು ಈಗ್ಲೂ ತಪ್ಪೇ. ಆದ್ರೆ ಇದ್ನ ಯಾತಕ್ಕೆ ಇಟ್ಟೀಯ ಕೀತ್ ಅಂತ ನಾನು ಒಂದ್ ಮಾತು ಕೇಳ್ಲಿಲ್ಲ. ಎರಡ್ ವರ್ಷ ಒಂದೇ ಗಾಡ್ಯಾಗೆ ಪಕ್ಕದಾಗೆ ಕುಂತು ಹೋದ್ವಿ. ಮೂರು ಗಂಟೆ ಹೋಗೋದು, ಮೂರು ಗಂಟೆ ಬರೋದು. ಒಂದ್ ಸಲನೂ ಕೇಳ್ಲಿಲ್ಲ.”

ಚಪಾತಿಯ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಹೋಗಿ ಬರುತ್ತೇನೆ ಎನ್ನಲಿಲ್ಲ, ಹೋಗ್ತೀನಿ ಎಂದಷ್ಟೇ ಅಂದು ಗಾಡಿ ಹತ್ತಿದರು. ಪತ್ರವನ್ನು ನಾನು ಕಳಿಸಲಿಲ್ಲ. ಅವರನ್ನು ಮತ್ತೆ ನೋಡಲೂ ಇಲ್ಲ.